ಟ್ಯಾಂಕ್ ಫುಲ್ ಮಾಡಿದ ಮೇಲೆ ಇಂಜಿನ್ ನಿಂತು ನಿಂತು ಹೋಗ್ತಿದೆ, ಓಂ ಬೀಚ್ ಎದುರು ಕೂತಿದೀವಿ

ಹಾಯಿಗಿತ್ತಿ:
ನಾನೂ ನಮ್ಮೆಜಮಾನ್ರೂ ನಮ್ಮ 28 ಅಡಿ ಹಾಯಿದೋಣೀಲಿ ಗೋವಾದಿಂದ ಮಲ್ಪೆಗೆ ಹೊರಟಿದೀವಿ, ಸದ್ಯ ಗೋಕರ್ಣದ ಓಂ ಬೀಚ್ ಎದುರು ಲಂಗರು ಹಾಕಿದೀವಿ. ಜಾಗ ಚಿನ್ನದಂಥದ್ದು, ಇಂಜಿನ್ ಮಾತ್ರ ಮುನಿಸ್ಕೊಂಡಿದೆ.

ಗೋವಾದಿಂದ ಕಾರವಾರ ಸುಮಾರು 40 ನಾಟಿಕಲ್ ಮೈಲಿ, ಬೆಳಗ್ಗೆ ಗಾಳಿ ಇಲ್ದೆ ಮೂರು ಗಂಟೆ ಇಂಜಿನ್ನಲ್ಲೇ ಬಂದ್ವಿ, ಒಂದ್ಸಲನೂ ಕೆಮ್ಮಲಿಲ್ಲ. ಕಾರವಾರದಲ್ಲಿ ಬಂಕಿಂದ ಕ್ಯಾನಲ್ಲಿ ಡೀಸೆಲ್ ತಂದು 60 ಲೀಟರ್ ಟ್ಯಾಂಕ್ ಕಂಠಪೂರ್ತಿ ತುಂಬ್ಸಿದ್ವಿ. ಮಾರನೇ ದಿನ ಹೊರಟು ಅರ್ಧ ಗಂಟೆ ಆಗಿತ್ತಷ್ಟೇ, ಸೌಂಡ್ ಏರೋದು ಇಳಿಯೋದು ಶುರುವಾಗಿ ಆರ್‌ಪಿಎಂ ಬಿದ್ದು ಆಫ್. ಅದೂ ಎಲ್ಲಿ, ಅರ್ಗಾ ನೌಕಾನೆಲೆನ ದೂರದಿಂದ ಸುತ್ಕೊಂಡು ಹೋಗ್ತಿರುವಾಗ! ಆ ಕಡೆ ತೇಲಿಬಿಟ್ರೆ ಏನ್ ಗತಿ ಅಂತ ಇವ್ರು ರೇಡಿಯೋದಲ್ಲಿ ವಿಎಚ್‌ಎಫ್ 16ನೇ ಚಾನೆಲ್ (ಸಮುದ್ರದಲ್ಲಿ ತುರ್ತು ಕರೆಗೆ ಇರೋದು) ಹಿಡ್ಕೊಂಡು ಕೂತ್ರು, ನಾನು ಹಾಯಿ ಬಿಚ್ಚಿದೆ. ಇಪ್ಪತ್ತು ನಿಮಿಷ ಬಿಟ್ಟು ಕೀ ತಿರುಗಿಸಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟ್. ಆಮೇಲೆ ಮುಕ್ಕಾಲು ಗಂಟೆಗೆ ಮತ್ತೆ ಆಫ್, ಮೂರನೇ ಸಲ ಗಂಟೆ ಮೇಲಾಗಿತ್ತು.

ಫಿಲ್ಟರ್ ಹೊಸದು ಹಾಕಾಯ್ತು, ಫಿಲ್ಟರ್ ಕೆಳಗಿನ ಗಾಜಿನ ಬಟ್ಟಲಲ್ಲಿ ನೀರಿಲ್ಲ, ಹೀಟೂ ಆಗ್ತಿಲ್ಲ. ನಾಳೆ ತದಡಿ ಅಳಿವೆ ಒಳಗೆ ಹೋಗ್ಬೇಕು, ಅಲ್ಲಿ ನಿಂತ್ರೆ ಕಷ್ಟ.

ಡೀಸೆಲ್ ಪಾಪಿ:
ಡೀಸೆಲ್ಲೇ ಕೆಟ್ಟೈತ್ರಿ ಅಕ್ಕಾರ. ಟ್ಯಾಂಕಿನ ತಳದಾಗ ಕರೀ ಲೋಳಿ ಬೆಳದಿರ್ತೈತಿ, ಪೂರಾ ಖಾಲಿ ಮಾಡಿ ತೊಳದು ಬಿಡ್ರಿ.

ಮಲ್ಪೆ ಗ್ಯಾರೇಜು:
ಅರ್ಜೆಂಟ್ ಮಾಡ್ಬೇಡಿ ಮಾರಾಯ್ರೆ, 60 ಲೀಟರ್ ಡೀಸೆಲ್ ಸಮುದ್ರದ ಮಧ್ಯ ಎಲ್ಲಿ ಖಾಲಿ ಮಾಡುದು? ಎರಡು ಪ್ರಶ್ನೆ. ತುಂಬ್ಸುವಾಗ ಡೀಸೆಲ್ ವಾಪಸ್ ಉಕ್ಕಿತ್ತಾ? ಮಳೆಗಾಲದಲ್ಲಿ ಬೋಟ್ ಎಲ್ಲಿತ್ತು?

ಹಾಯಿಗಿತ್ತಿ:
ಅಯ್ಯೋ ಹೌದು, ಬುಳಕ್ ಬುಳಕ್ ಅಂತ ಉಗುಳಿ ನನ್ನ ಚೂಡಿದಾರೆಲ್ಲಾ ಡೀಸೆಲ್. ನಾನು ಇವ್ರು ಜೋರಾಗಿ ಸುರಿದ್ರು ಅಂತ ಬೈದೆ. ಮಳೆಗಾಲ ನಾಲ್ಕು ತಿಂಗಳು ದಡದ ಮೇಲೆ ಟಾರ್ಪಾಲ್ ಹಾಕಿ ನಿಲ್ಸಿದ್ವಿ.

ಮಲ್ಪೆ ಗ್ಯಾರೇಜು:
ಹಾಗಾದ್ರೆ ಟ್ಯಾಂಕಿನ ಬ್ರೀದರ್ ಪೈಪ್, ಅಂದ್ರೆ ಟ್ಯಾಂಕಿಗೆ ಗಾಳಿ ಹೋಗಿ ಬರುವ ಪೈಪ್, ಕಟ್ಟಿಕೊಂಡಿದೆ. ಒಳಗಿನ ಗಾಳಿಗೆ ಹೊರಗೆ ಹೋಗ್ಲಿಕ್ಕೆ ದಾರಿ ಇಲ್ದೆ ಡೀಸೆಲ್ ಉಗುಳಿದ್ದು. ನೋಡಿ, ಕಸಕ್ಕೆ ಫಿಲ್ಟರ್ ಕಟ್ಟುದಾದ್ರೆ ಸಲದಿಂದ ಸಲಕ್ಕೆ ಬೇಗ ನಿಲ್ತದೆ, ನಿಮ್ಮದು ಉಲ್ಟಾ, ಅರ್ಧ ಗಂಟೆ ಹೋಗಿ ಮುಕ್ಕಾಲು, ಆಮೇಲೆ ಒಂದು. ಟ್ಯಾಂಕ್ ಫುಲ್ ಇದ್ದಾಗ ಮೇಲೆ ಗಾಳಿಗೆ ಜಾಗವೇ ಇಲ್ಲ, ಒಂದು ಲೀಟರ್ ಖರ್ಚಾದ್ರೂ ಒಳಗೆ ವ್ಯಾಕ್ಯೂಮ್ ಆಗಿ ಇಂಜಿನಿಗೆ ಡೀಸೆಲ್ ಕಳಿಸುವ ಫೀಡ್ ಪಂಪಿಗೆ ಎಳೀಲಿಕ್ಕೆ ಆಗುದಿಲ್ಲ. ಖಾಲಿ ಆದಷ್ಟೂ ಗಾಳಿ ಜಾಸ್ತಿ, ಅಷ್ಟು ಹೊತ್ತು ಓಡ್ತದೆ. ಗೋವಾದಿಂದ ಬರುವಾಗ ಅರ್ಧ ಟ್ಯಾಂಕ್ ಇದ್ದಿರ್ಬೇಕು, ಹಾಗಾಗಿ ಗೊತ್ತೇ ಆಗ್ಲಿಲ್ಲ. ಡೀಸೆಲ್ ಲೈನಿನ ಏರ್ ತೆಗೀದೆ ತಾನಾಗಿ ಸ್ಟಾರ್ಟ್ ಆಗ್ತದೆ ಅಂದ್ರೆ ಬ್ರೀದರ್ ಪೂರ್ತಿ ಬಂದ್ ಆಗಿಲ್ಲ, ಮೆಲ್ಲ ಗಾಳಿ ಟ್ಯಾಂಕಿನ ಒಳಗೆ ಸೋರ್ತಾ ಉಂಟು.

ಲಂಗರಲ್ಲೇ ರಿವರ್ಸ್ ಹಾಕಿ ಲೋಡ್ ಕೊಟ್ಟು ಓಡಿಸಿ, ನ್ಯೂಟ್ರಲಲ್ಲಿ ಕುಡಿಯುದು ಕಮ್ಮಿ. ಕುಗ್ಗಲಿಕ್ಕೆ ಶುರುವಾದ ಕೂಡ್ಲೆ ಡೆಕ್ ಮೇಲಿನ ಡೀಸೆಲ್ ಮುಚ್ಚಳ ಬಿಚ್ಚಿ. ಆದ್ರೆ ಮುಚ್ಚಳ ತೆರೆದಿಟ್ಟು ಹೋಗ್ಬೇಡಿ, ಒಂದು ಅಲೆ ಬಿದ್ರೆ ಟ್ಯಾಂಕಿಗೆ ಉಪ್ಪುನೀರು.

ಹಾಯಿಗಿತ್ತಿ:
ಅಣ್ಣಾ, ಅದೇ! ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಕುಗ್ತು, ಮುಚ್ಚಳ ತಿರುಗಿಸ್ತಿದ್ದ ಹಾಗೇ ಹುಸ್ಸ್‌ ಅಂತ ಗಾಳಿ ಒಳಗೆಳ್ಕೊಳ್ತು, ಸ್ವಲ್ಪ ಹೊತ್ತಲ್ಲೇ ಇಂಜಿನ್ ಮತ್ತೆ ನೆಟ್ಟಗಾಯ್ತು.

ಬ್ರೀದರ್ ಪೈಪಿನ ಹೊರಗಿನ ಮೂತಿ ಕಾಕ್‌ಪಿಟ್ (ಚುಕ್ಕಾಣಿ ಹಿಡಿದು ಕೂರೋ ಜಾಗ) ಪಕ್ಕದಲ್ಲಿದೆ, ಕಿರುಬೆರಳೂ ತೂರಲ್ಲ. ಹೊರಗಿಂದ ಚುಚ್ಚಿದ್ರೆ ಕಸ ಒಳಗೇ ಹೋಗುತ್ತೆ ಅಂತ ಟ್ಯಾಂಕ್ ಕಡೆ ಪೈಪ್ ಬಿಚ್ಚಿ, ರಬ್ಬರ್ ಡಿಂಗಿಗೆ ಗಾಳಿ ಹೊಡೆಯೋ ಕಾಲು ಪಂಪ್ ಇಟ್ಟು ತುಳಿದೆ. ನಾಲ್ಕನೇ ತುಳಿತಕ್ಕೆ ಟಪ್ ಅಂತ ಕೆಮ್ಮಣ್ಣಿನ ಉಂಡೆ ಹಾರ್ತು, ಒಡೆದು ನೋಡಿದ್ರೆ ಒಳಗೆ ಒಣಗಿದ ಪುಟ್ಟ ಜೇಡಗಳು. ಕುಂಬಾರ ಹುಳ ಗೂಡು ಕಟ್ಟಿ, ಮರಿಗೆ ಊಟನೂ ತುಂಬಿಟ್ಟಿದೆ!

ಡೀಸೆಲ್ ಪಾಪಿ:
ನಾ ಲೋಳಿ ಅಂದೆ, ಅದು ಹುಳಾನ ಆತಲ್ರಿ 😄

ಮಲ್ಪೆ ಗ್ಯಾರೇಜು:
ಮೂತಿಗೆ ಸ್ಟೀಲ್ ಜಾಲರಿ ಹಾಕಿ, ವರ್ಷಕ್ಕೊಮ್ಮೆ ಊದಿ ನೋಡಿ. ತದಡಿಗೆ ಬೆಳಗ್ಗೆ ಉಬ್ಬರ ಏರ್ತಾ ಇರುವಾಗ ನುಗ್ಗಿ. ಮಧ್ಯಾಹ್ನ ಮೇಲೆ ಪಡುಗಾಳಿ ಎದ್ದು, ಇಳಿತದ ನೀರೂ ಹೊರಗೆ ಬರ್ತಾ ಇದ್ರೆ ಅಳಿವೆ ಬಾಯಲ್ಲಿ ತೆರೆ ಎತ್ತರಕ್ಕೆ ಎದ್ದು ನಿಲ್ತದೆ. ಮೀನಿನ ಬೋಟ್ ಹಿಂದೆ ಹೋದ್ರೆ ಇನ್ನೂ ಒಳ್ಳೇದು, ಮರಳು ಎಲ್ಲಿ ಕೂತಿದೆ ಅಂತ ಅವ್ರಿಗೆ ಗೊತ್ತುಂಟು.

ಹಾಯಿಗಿತ್ತಿ:
ಸದ್ಯಕ್ಕೆ ಟೀ ಸೋಸೋ ಜಾಲರಿ ಕತ್ತರಿಸಿ ಕಟ್ಟಿದೀನಿ. ಇವ್ರು ಟೀ ಹೇಗೆ ಸೋಸ್ಲಿ ಅಂತ ಕೇಳ್ತಿದಾರೆ, ಚೂಡಿದಾರದ ವಿಷಯಕ್ಕೆ ಬೈದಿದ್ದು ವಾಪಸ್ ತಗೋ ಅಂತಾನೂ ಕೇಳ್ತಿದಾರೆ.