ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಸೀಟು ಸಿಕ್ಕಿದೆ, ಇದರಲ್ಲಿ ನಿಜವಾಗಿ ಏನು ಕಲಿಸುತ್ತಾರೆ?

ಪ್ರಶ್ನೆ (ವಿದ್ಯಾರ್ಥಿ, ಅರಸೀಕೆರೆ):
ನಮಸ್ಕಾರ ಮೇಡಂ. ಸಿಇಟಿಯಲ್ಲಿ ನನಗೆ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್ ಸಿಕ್ಕಿದೆ. ಕಂಪ್ಯೂಟರ್ ಸೈನ್ಸ್‌ಗೆ ರ‍್ಯಾಂಕ್ ಸಾಲಲಿಲ್ಲ. ಫೀಸು ಕಟ್ಟಿದ್ದಾಗಿದೆ, ಇನ್ನೆರಡು ವಾರಕ್ಕೆ ಕ್ಲಾಸ್ ಶುರು. ಊರಲ್ಲಿ ಯಾರಿಗೆ ಹೇಳಿದರೂ "ಅದೇನು ಐಟಿಐ ಥರನಾ?" ಅನ್ನುತ್ತಾರೆ. ನಮ್ಮ ಚಿಕ್ಕಪ್ಪ ಅಂತೂ "ಅರ್ಧ ಮೆಕ್ಯಾನಿಕಲ್, ಅರ್ಧ ಎಂಬಿಎ, ಯಾವುದೂ ಪೂರ್ತಿ ಇಲ್ಲ" ಅಂದುಬಿಟ್ಟರು. ಇದರಲ್ಲಿ ಏನು ಮಾಡುತ್ತಾರೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಏನು ತಯಾರಿ ಮಾಡಿಕೊಳ್ಳಲಿ?

ಉತ್ತರ (ಇಂಡಸ್ಟ್ರಿಯಲ್ ಎಂಜಿನಿಯರ್, ಬೆಂಗಳೂರು):
ನೀನು ಅಂತಲೇ ಬರೆಯುತ್ತೇನಪ್ಪ, ಬೇಜಾರು ಮಾಡಿಕೊಳ್ಳಬೇಡ. ನಾನು ಈ ಕೆಲಸಕ್ಕೆ ಬಂದು 14 ವರ್ಷ ಆಯಿತು. ಮೊದಲ 5 ವರ್ಷ ಗಾರ್ಮೆಂಟ್ಸ್, ಈಗ ಪೀಣ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆ. ಸೀಟು ಸಿಕ್ಕಾಗ ನನಗೂ ಐಟಿಐನಾ ಅಂತ ಕೇಳಿದ್ದರು. ಬೆಂಗಳೂರಿನ ಆರ್.ವಿ., ಬಿಎಂಎಸ್, ಎಂ.ಎಸ್. ರಾಮಯ್ಯ ಥರದ ಹಳೇ ಕಾಲೇಜುಗಳಲ್ಲೇ ನಡೆದುಕೊಂಡು ಬಂದಿರುವ ಬ್ರಾಂಚ್ ಇದು. ಆದರೂ ಹೆಸರು ಕೇಳಿದರೆ ಜನ ಹುಬ್ಬೇರಿಸುತ್ತಾರೆ.

ಏನು ಮಾಡುತ್ತಾರೆ ಅನ್ನೋದನ್ನ ದರ್ಶಿನಿ ಹೋಟೆಲಿನಲ್ಲಿ ನಿಂತು ಹೇಳಿದರೆ ಸುಲಭ. ಬೆಳಿಗ್ಗೆ 8 ಗಂಟೆ. ಬಿಲ್ ಕೌಂಟರ್‌ನವನು ನಿಮಿಷಕ್ಕೆ 4 ಬಿಲ್ ಹಾಕುತ್ತಾನೆ, ಅದರಲ್ಲಿ 3 ದೋಸೆ. ದೋಸೆಯ ಕಲ್ಲಿನ ಮೇಲೆ ಒಂದು ಸಲಕ್ಕೆ 8 ದೋಸೆ, ಆಗೋದಕ್ಕೆ 4 ನಿಮಿಷ. ಅಂದರೆ ನಿಮಿಷಕ್ಕೆ ಎರಡೇ ದೋಸೆ. ಕ್ಯೂ ಉದ್ದ ಆಯಿತು ಅಂತ ಮಾಲೀಕ ಇನ್ನೊಂದು ಬಿಲ್ ಕೌಂಟರ್ ಹಾಕಿದ. ಏನಾಯಿತು? ಬಾಗಿಲಲ್ಲಿ ನಿಂತಿದ್ದ ಜನ ಈಗ ಟೋಕನ್ ಹಿಡಿದುಕೊಂಡು ದೋಸೆ ಕಲ್ಲಿನ ಮುಂದೆ ನಿಂತರು. ಒಂದು ದೋಸೆಯೂ ಜಾಸ್ತಿ ಆಗಲಿಲ್ಲ. ಅಲ್ಲಿ 30 ಟೋಕನ್ ಬಾಕಿ ಇದ್ದರೆ, ನಿಮಿಷಕ್ಕೆ ಎರಡರ ಲೆಕ್ಕದಲ್ಲಿ ಕೊನೆಯವನು 15 ನಿಮಿಷ ಕಾಯಬೇಕು. ಈ ಸರಳ ಲೆಕ್ಕಕ್ಕೆ ಲಿಟಲ್ಸ್ ಲಾ ಅಂತ ಹೆಸರು. ಜಾನ್ ಲಿಟಲ್ ಅನ್ನುವವರು 1961ರಲ್ಲಿ ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದರು. ಆಸ್ಪತ್ರೆಯ ಒಪಿಡಿಗೂ ಇದೇ, ನಮ್ಮ ಕಾರ್ಖಾನೆಯಲ್ಲಿ ಯಂತ್ರದ ಮುಂದೆ ಬಿದ್ದಿರುವ ಮಾಲಿಗೂ ಇದೇ.

ಮೆಕ್ಯಾನಿಕಲ್‌ನವರು ಆ ದೋಸೆ ಕಲ್ಲು ಹೇಗಿರಬೇಕು ಅಂತ ಓದುತ್ತಾರೆ. ನಾವು ಕಲ್ಲು, ಭಟ್ಟರು, ಹಿಟ್ಟು, ಕ್ಯೂ ಎಲ್ಲವನ್ನೂ ಒಟ್ಟಿಗೆ ನೋಡುತ್ತೇವೆ. ಎಲ್ಲಿ ಸಿಕ್ಕಿಕೊಂಡಿದೆ, ಯಾಕೆ, ಬಿಡಿಸೋಕೆ ಎಷ್ಟು ಖರ್ಚು ಅಂತ ಲೆಕ್ಕ ಹಾಕುತ್ತೇವೆ. ನಿಮ್ಮ ಚಿಕ್ಕಪ್ಪ ಹೇಳಿದ್ದು ಅರ್ಧ ಸರಿ, ಎರಡೂ ಕಡೆಯ ವಿಷಯ ಇದೆ. ಆದರೆ ಆಪರೇಷನ್ಸ್ ರಿಸರ್ಚ್ (ಯಾವ ನಿರ್ಧಾರ ಒಳ್ಳೇದು ಅಂತ ಗಣಿತದಿಂದ ಹುಡುಕೋದು), ವರ್ಕ್ ಸ್ಟಡಿ (ಕೆಲಸದ ರೀತಿ, ಸಮಯ ಅಳೆಯೋದು), ಕ್ವಾಲಿಟಿ ಕಂಟ್ರೋಲ್, ಎರ್ಗೊನಾಮಿಕ್ಸ್ (ಕೆಲಸವನ್ನು ಮೈಗೆ ಹೊಂದಿಸೋದು), ಸಿಮ್ಯುಲೇಷನ್ (ಕಂಪ್ಯೂಟರಿನಲ್ಲಿ ಮೊದಲೇ ನಡೆಸಿ ನೋಡೋದು), ಇವನ್ನು ನಮ್ಮಷ್ಟು ಒಟ್ಟಾಗಿ ಮೆಕ್ಯಾನಿಕಲ್‌ನವರೂ ಎಂಬಿಎಯವರೂ ಓದುವುದಿಲ್ಲ.

ಈಗ ನನ್ನ ಕಥೆ ಸ್ವಲ್ಪ ಕೇಳು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಸ್ಟಾಪ್‌ವಾಚ್, ಪ್ಯಾಡು ಕೊಟ್ಟು ಕಾಲರ್ ಹೊಲಿಯುವ ಮಿಷನ್ ಮುಂದೆ ನಿಲ್ಲಿಸಿದರು. ಪುಸ್ತಕದಲ್ಲಿ ಓದಿದ್ದು ನೆನಪಿತ್ತು. ಒಂದು ಪೀಸಿಗೆ ಸರಾಸರಿ 48 ಸೆಕೆಂಡ್ ಬಂತು. ಆಪರೇಟರ್ ಸ್ವಲ್ಪ ನಿಧಾನ ಅನ್ನಿಸಿತು, ರೇಟಿಂಗ್ (ಮಾಮೂಲಿ ವೇಗ 100 ಅಂದರೆ ಇವರ ವೇಗ ಎಷ್ಟು ಅನ್ನೋ ಅಂದಾಜು) 90 ಪರ್ಸೆಂಟ್ ಹಾಕಿದೆ, ಮಾಮೂಲಿ ವೇಗದ ಸಮಯ 43.2 ಸೆಕೆಂಡ್ ಆಯಿತು. ನೀರು ಕುಡಿಯೋದು, ದಾರ ಕಟ್ಟಾಗೋದು, ಸುಸ್ತು ಇವಕ್ಕೆಲ್ಲ 15 ಪರ್ಸೆಂಟ್ ಅಲೋಯನ್ಸ್ ಸೇರಿಸಿದರೆ ಹತ್ತಿರ ಹತ್ತಿರ 50 ಸೆಕೆಂಡ್. ಗಂಟೆಗೆ 72 ಪೀಸ್ ಅಂತ ಟಾರ್ಗೆಟ್ ಬರೆದು ಕೊಟ್ಟೆ. ಹೆಮ್ಮೆಯೋ ಹೆಮ್ಮೆ.

ಮಾರನೇ ದಿನ ಆ ಮಿಷನ್‌ನ ಅಕ್ಕ ನನ್ನನ್ನು ಕರೆದು, "ಮೇಡಂ, ನೀವು ಗಡಿಯಾರ ಹಿಡ್ಕೊಂಡು ನಿಂತ್ರೆ ನನ್ನ ಕೈ ನಡುಗುತ್ತೆ. ಟೈಮ್ ಬರ್ಕೊಂಡ್ರಿ, ನಾನು ಬಗ್ಗಿದ್ದು ಬರ್ಕೊಂಡ್ರಾ?" ಅಂದರು. ನಾನು ನೋಡೇ ಇರಲಿಲ್ಲ. ಬಂಡಲ್ ಇಟ್ಟಿದ್ದು ಎಡಗಡೆ, ನೆಲದ ಹತ್ತಿರದ ಪೆಟ್ಟಿಗೆಯಲ್ಲಿ. ಒಂದೊಂದು ಪೀಸಿಗೂ ಬಗ್ಗಿ ಎತ್ತಬೇಕು. ಗಂಟೆಗೆ 72 ಟಾರ್ಗೆಟ್ ಅಂದರೆ 72 ಸಲ ಬಗ್ಗಬೇಕು, ಅದೂ ದಿನವಿಡೀ. ಹಳೇ ಸ್ಟೂಲ್ ಒಂದನ್ನು ತಂದು ಬಂಡಲ್ ಅದರ ಮೇಲಿಟ್ಟೆವು. ಖರ್ಚು ಸೊನ್ನೆ. ಸೂಪರ್‌ವೈಸರ್ ಮಾತ್ರ "ಹಾಗಾದ್ರೆ ಟಾರ್ಗೆಟ್ 80 ಮಾಡಿ" ಅಂದ. ಆ ಜಗಳ ನಾನು ಗೆಲ್ಲಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗಾರ್ಮೆಂಟ್ಸ್‌ನಲ್ಲಿ "ಐಇ (ಇಂಡಸ್ಟ್ರಿಯಲ್ ಎಂಜಿನಿಯರ್) ಬಂದ್ರು" ಅಂದರೆ ಟಾರ್ಗೆಟ್ ಏರುತ್ತೆ ಅಂತಲೇ ಅರ್ಥ. ಆ ಅನುಮಾನ ಸುಮ್ನೆ ಬಂದಿದ್ದಲ್ಲ.

ತಮಾಷೆ ಏನಂದರೆ, ನಮ್ಮ ವಿಷಯದ ಶುರುವಿನಲ್ಲೇ ಇಂಥ ಬಗ್ಗುವ ಲೆಕ್ಕ ಇತ್ತು. ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಫ್ರಾಂಕ್ ಗಿಲ್‌ಬ್ರೆತ್ ಇಟ್ಟಿಗೆ ಕಟ್ಟುವವರನ್ನು ನೋಡುತ್ತಾ ನಿಂತರು. ಒಂದು ಇಟ್ಟಿಗೆ ಇಡೋಕೆ 18 ಚಲನೆ ಆಗುತ್ತಿತ್ತು. ಗೋಡೆ ಏರಿದ ಹಾಗೆ ಏರಿಸಬಹುದಾದ ಅಟ್ಟಣಿಗೆ ಮಾಡಿ, ಇಟ್ಟಿಗೆ ಕೈಗೆ ಸಿಗುವ ಎತ್ತರದಲ್ಲಿ ಇಡಿಸಿದರು. ಇಂಥವೇ ಬದಲಾವಣೆಗಳಿಂದ ಚಲನೆ 5ಕ್ಕೆ ಇಳಿಯಿತು. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಮಿಷನ್ ಮುಂದೆ ನಿಂತಾಗ ಹೊಳೆಯಲೇ ಇಲ್ಲ ನೋಡು.

ಇನ್ನು ತಯಾರಿ. ಮೊದಲ ವರ್ಷ ಎಲ್ಲ ಬ್ರಾಂಚಿಗೂ ಹೆಚ್ಚುಕಮ್ಮಿ ಒಂದೇ: ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ, ಪ್ರೋಗ್ರಾಮಿಂಗ್, ಡ್ರಾಯಿಂಗ್. "ನಮ್ಮ ಸಬ್ಜೆಕ್ಟ್ ಇನ್ನೂ ಬಂದೇ ಇಲ್ಲ" ಅಂತ ಬೇಜಾರಾಗುತ್ತೆ, ಆಗಲಿ. ಪಿಯುಸಿಯ ಪ್ರಾಬಬಿಲಿಟಿ ಪಾಠ ಮಾತ್ರ ಇನ್ನೊಂದು ಸಲ ತೆಗೆದು ನೋಡು. ಮುಂದೆ ಎಲ್ಲ ಕಡೆ ಅದೇ ಬರುತ್ತದೆ. ಎಕ್ಸೆಲ್ ಈಗಲೇ ಕೈಗೆ ಹತ್ತಲಿ. ಪೈಥಾನ್ ನಿಧಾನಕ್ಕೆ ಕಲಿ, ಬಿಡಬೇಡ. ಇಂಗ್ಲಿಷ್ ಬಗ್ಗೆ ಜಾಸ್ತಿ ಹೆದರಬೇಡ. ಮೊದಲ ಮೂರು ತಿಂಗಳು ನೋಟ್ಸ್‌ನ ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೋ, ನಾನೂ ಹಾಗೇ ಮಾಡಿದ್ದು. ಶಾಪ್ ಫ್ಲೋರಿನಲ್ಲಿ ಕನ್ನಡವೇ ದೊಡ್ಡ ಸಹಾಯ. ಆದರೆ ಈಗ ನಮ್ಮಲ್ಲಿ ಒಡಿಶಾ, ಬಿಹಾರದ ಹುಡುಗರೂ ತುಂಬಾ ಇದ್ದಾರೆ, ಸ್ವಲ್ಪ ಹಿಂದಿಯೂ ಬರಲಿ.

ಪ್ರಶ್ನೆ (ಇನ್ನೊಬ್ಬ ಸದಸ್ಯ, ಮೈಸೂರು):
ಮೇಡಂ, ಚೆನ್ನಾಗಿ ಹೇಳಿದಿರಿ. ಆದರೆ ಹುಡುಗನಿಗೆ ಪೂರ್ತಿ ಸತ್ಯ ಹೇಳಿ. ನಾನೂ ಇದೇ ಬ್ರಾಂಚ್. ನನ್ನ ಜೊತೆ ಓದಿದವರಲ್ಲಿ ಅರ್ಧ ಜನ ಸಾಫ್ಟ್‌ವೇರ್‌ನಲ್ಲಿದ್ದಾರೆ. ಹಾಗಿದ್ದರೆ ನಾಲ್ಕು ವರ್ಷ ಯಾಕೆ ಓದಬೇಕು?

ಉತ್ತರ:
ಒಪ್ಪಿದೆ ಸರ್. ನನ್ನ ಗೆಳತಿಯರದ್ದೂ ಅದೇ ಕಥೆ. ಶುರುವಿನ ಸಂಬಳದಲ್ಲಿ ಕಾರ್ಖಾನೆ ಸಾಫ್ಟ್‌ವೇರ್‌ಗೆ ಸಮ ಬರುವುದು ಅಪರೂಪ. ಕ್ಯಾಂಪಸ್‌ನಲ್ಲಿ ಕೆಲವು ಕಂಪನಿಗಳು ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್‌ನವರನ್ನು ಮಾತ್ರ ಕೂರಿಸುತ್ತವೆ, ನಮ್ಮ ಹುಡುಗರು ಬಾಗಿಲಾಚೆ ನಿಲ್ಲಬೇಕು. ಸರ್ಕಾರಿ ಹುದ್ದೆಯ ಅಧಿಸೂಚನೆಯಲ್ಲೂ ಬರೀ "ಮೆಕ್ಯಾನಿಕಲ್" ಅಂತ ಇದ್ದರೆ ನಮ್ಮ ಡಿಗ್ರಿ ನಡೆಯುತ್ತಾ ಅಂತ ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಬೇಕು.

ಆದರೆ ಸಾಫ್ಟ್‌ವೇರ್‌ಗೆ ಹೋದ ನಮ್ಮವರಲ್ಲಿ ಎಷ್ಟೋ ಜನ ಎಸ್‌ಎಪಿ (ಕಂಪನಿಯ ಮಾಲು, ಲೆಕ್ಕ ಎಲ್ಲ ನೋಡಿಕೊಳ್ಳುವ ಸಾಫ್ಟ್‌ವೇರ್), ಸಪ್ಲೈ ಚೈನ್ (ಮಾಲು ಸಾಗುವ ಇಡೀ ಸರಪಳಿ), ಡೇಟಾ ಅನಾಲಿಟಿಕ್ಸ್‌ನಲ್ಲಿದ್ದಾರೆ. ಗೋದಾಮಿನಲ್ಲಿ ಎಷ್ಟು ಮಾಲು ಇಡಬೇಕು, ಯಾವ ಲಾರಿ ಯಾವ ದಾರಿ, ಇವೆಲ್ಲ ನಮ್ಮ ಪಾಠದ್ದೇ. ಓದಿದ್ದು ವ್ಯರ್ಥ ಆಯಿತು ಅಂತ ಅವರು ಹೇಳಿದ್ದು ನಾನು ಕೇಳಿಲ್ಲ. ಮುಂದೆ ಓದುವವರಿಗೆ ಗೇಟ್‌ನಲ್ಲಿ (ಎಂ.ಟೆಕ್ ಪ್ರವೇಶ ಪರೀಕ್ಷೆ) ಪ್ರೊಡಕ್ಷನ್ ಅಂಡ್ ಇಂಡಸ್ಟ್ರಿಯಲ್ ಅಂತಲೇ ಬೇರೆ ಪೇಪರ್ ಇದೆ, 2024ರಿಂದ ಡೇಟಾ ಸೈನ್ಸ್ ಪೇಪರ್ ಕೂಡ ಬಂದಿದೆ. ಮುಂಬೈಯಲ್ಲಿ ಇದೇ ವಿಷಯಕ್ಕಾಗಿ 1963ರಲ್ಲಿ ಶುರುವಾದ ನೀಟಿ (NITIE) ಅನ್ನುವ ಸಂಸ್ಥೆ, 2023ರಲ್ಲಿ ಐಐಎಂ ಮುಂಬೈ ಆಯಿತು.

ಪ್ರಶ್ನೆ (ಒಬ್ಬ ತಾಯಿ, ಹುಬ್ಬಳ್ಳಿ):
ನನ್ನ ಮಗಳಿಗೂ ಇದೇ ಬ್ರಾಂಚ್ ಸಿಗೋ ಹಂಗದ ಮೇಡಂ. ಹೆಣ್ಣುಮಕ್ಕಳಿಗೆ ಫ್ಯಾಕ್ಟರಿ ಕೆಲಸ ಅಂದ್ರ ಮನ್ಯಾಗ ಯಾರೂ ಒಪ್ಪವಲ್ರು.

ಉತ್ತರ:
ನಾನೇ ಇದ್ದೀನಲ್ಲ ಅಕ್ಕಾ! ಆಗಲೇ ಹೇಳಿದ ಫ್ರಾಂಕ್ ಗಿಲ್‌ಬ್ರೆತ್ ಅವರ ಹೆಂಡತಿ ಲಿಲಿಯನ್ ಕೂಡ ಇದೇ ಕೆಲಸದವರು, ಹನ್ನೆರಡು ಮಕ್ಕಳ ತಾಯಿ. ಗಂಡ 1924ರಲ್ಲಿ ತೀರಿಕೊಂಡ ಮೇಲೆ ಕೆಲಸ ಮುಂದುವರಿಸಿ, 1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಅಡುಗೆಮನೆಯಲ್ಲಿ ಹೆಂಗಸರು ಎಷ್ಟು ಹೆಜ್ಜೆ ಸುಮ್ನೆ ಓಡಾಡುತ್ತಾರೆ ಅಂತ ಲೆಕ್ಕ ಹಾಕಿದವರಲ್ಲಿ ಅವರೂ ಒಬ್ಬರು.

ಕಷ್ಟ ಇಲ್ಲ ಅನ್ನುವುದಿಲ್ಲ. ದಿನಕ್ಕೆ ಆರೇಳು ಗಂಟೆ ನಿಂತೇ ಇರಬೇಕಾಗುತ್ತೆ. ಟ್ರೇನಿ ಇದ್ದಾಗ ಶಿಫ್ಟ್ ಬರುತ್ತೆ. ಇಂಟರ್‌ವ್ಯೂನಲ್ಲಿ ಸಂಬಳಕ್ಕಿಂತ ಮೊದಲು ಕ್ಯಾಬ್ ಇದೆಯಾ, ಹೆಂಗಸರ ಟಾಯ್ಲೆಟ್ ಲೈನಿನ ಹತ್ತಿರ ಇದೆಯಾ ಅಂತ ಕೇಳಲಿ. ನಾನು ಕೇಳದೆ ಸೇರಿ ಒಂದು ವರ್ಷ ಪಕ್ಕದ ಕಟ್ಟಡಕ್ಕೆ ಹೋಗಿ ಬರುತ್ತಿದ್ದೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು ಹೆಚ್ಚಿನವರು ಹೆಂಗಸರೇ. ಅಲ್ಲಿ ನಿಮ್ಮ ಮಗಳಿಗೆ ಅವರು ಹೇಳುವಷ್ಟು ಯಾವ ಗಂಡಸು ಎಂಜಿನಿಯರ್‌ಗೂ ಹೇಳುವುದಿಲ್ಲ.

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ, ತುಮಕೂರು):
ಮೇಡಂ, ನಾನು ಡಿಸಿಇಟಿ ಮೂಲಕ ನೇರ ಎರಡನೇ ವರ್ಷಕ್ಕೆ ಬರುತ್ತೇನೆ. ತೊಂದರೆ ಆಗುತ್ತಾ?

ಉತ್ತರ:
ಗಣಿತದಲ್ಲಿ ಆಗುತ್ತೆ, ಉಳಿದದ್ದರಲ್ಲಿ ಇಲ್ಲ. ಲೇತ್, ಮಿಲ್ಲಿಂಗ್ ಮುಟ್ಟಿ ನೋಡಿರುವ ನೀವು ಪಿಯುಸಿಯಿಂದ ಬಂದವರಿಗಿಂತ ಮುಂದಿರುತ್ತೀರಿ. ಬ್ರಿಡ್ಜ್ ಗಣಿತ (ಆ ಕೊರತೆ ತುಂಬುವ ಕ್ಲಾಸು) ಇಟ್ಟರೆ ತಪ್ಪಿಸಬೇಡಿ.

ಪ್ರಶ್ನೆ (ಅರಸೀಕೆರೆಯ ವಿದ್ಯಾರ್ಥಿ, ಮತ್ತೆ):
ತುಂಬಾ ಥ್ಯಾಂಕ್ಸ್ ಮೇಡಂ. ಈ ಎರಡು ವಾರದಲ್ಲಿ ಮಾಡುವಂಥದ್ದು ಏನಾದರೂ ಇದ್ದರೆ ಹೇಳಿ.

ಉತ್ತರ:
ನಿಮ್ಮೂರಿನ ಯಾವುದಾದರೂ ಹೋಟೆಲಿನಲ್ಲಿ ಅರ್ಧ ಗಂಟೆ ಕೂತುಕೋ. ಕಾಫಿ ಕುಡಿ, ಸುಮ್ನೆ ಕೂತರೆ ಓಡಿಸುತ್ತಾರೆ. ಜನ ಎಲ್ಲಿ ಕಾಯುತ್ತಾರೆ ಅಂತ ನೋಡಿ ಬರೆದುಕೊಂಡು ಬಾ. ಮೊಬೈಲಿನ ಸ್ಟಾಪ್‌ವಾಚ್ ಸಾಕು.

ಅರಸೀಕೆರೆಯ ವಿದ್ಯಾರ್ಥಿ (ಮಾರನೇ ದಿನ):
ಮೇಡಂ, ನೋಡಿ ಬಂದೆ. ತಿಂಡಿಗೆ ಯಾರೂ ಕಾಯುತ್ತಿಲ್ಲ, ಎಲ್ಲರೂ ಕಾಫಿಗೆ ಕಾಯುತ್ತಾರೆ. ಕಾಫಿ ಹಾಕುವವರಿಗೆ ಒಂದು ಲೋಟಕ್ಕೆ 9 ಸೆಕೆಂಡ್ ಸಾಕು. ಆದರೆ ಆಗಾಗ ಕೈಕಟ್ಟಿ ನಿಲ್ಲುತ್ತಾರೆ, ಯಾಕಂದರೆ ತೊಳೆದ ಲೋಟ ಬಂದಿರಲ್ಲ. ತೊಳೆಯೋಕೆ ಇನ್ನೊಬ್ಬರನ್ನು ಹಾಕಿದರೆ ಸರಿ ಹೋಗುತ್ತೆ ಅಲ್ವಾ?

ಉತ್ತರ:
ಭೇಷ್. ಆದರೆ ಒಟ್ಟು ಲೋಟ ಎಷ್ಟಿವೆ ಎಣಿಸಿದೆಯಾ? ಕುಡಿದಿಟ್ಟ ಲೋಟ ಟೇಬಲ್ ಮೇಲೆ ಎಷ್ಟು ಹೊತ್ತು ಇರುತ್ತೆ?

ಅರಸೀಕೆರೆಯ ವಿದ್ಯಾರ್ಥಿ:
ಇಲ್ಲ ಮೇಡಂ. ನಾಳೆ ಎಣಿಸಿಕೊಂಡು ಬರುತ್ತೇನೆ.