ಆಡಿನ ಸ್ನಾಯುರಜ್ಜುವಿನಿಂದ ಬರೋ 400 ನ್ಯಾನೊಮೀಟರ್ ಬೆಳಕು ಎಸ್‌ಎಚ್‌ಜಿನೇ (ಸೆಕೆಂಡ್ ಹಾರ್ಮೋನಿಕ್ ಜನರೇಶನ್, ಅಂದ್ರ ಎರಡು ಫೋಟಾನ್ ಕೂಡಿ ಅರ್ಧ ತರಂಗಾಂತರದ ಒಂದು ಫೋಟಾನ್ ಆಗೋದು) ಅಂತ ಖಾತ್ರಿ ಮಾಡ್ಕೊಳ್ಳೋದು ಹ್ಯಾಂಗ?

ಬೀದರ್_ಹಿಸ್ಟಾಲಜಿ:
ನಮಸ್ಕಾರ್ರಿ. ಆಡಿನ ಕಾಲಿನ ಸ್ನಾಯುರಜ್ಜು, ಬಣ್ಣ ಹಾಕದ 10 ಮೈಕ್ರಾನ್ ಸೆಕ್ಷನ್. ಟೈಟೇನಿಯಂ-ಸಫೈರ್ ಲೇಸರ್: 800 ನ್ಯಾನೊಮೀಟರ್, 100 ಫೆಮ್ಟೊಸೆಕೆಂಡ್ ಪಲ್ಸ್, 80 ಮೆಗಾಹರ್ಟ್ಸ್. ಸ್ಯಾಂಪಲ್ ಮ್ಯಾಲ 15 ಮಿಲಿವ್ಯಾಟ್. ಡಿಟೆಕ್ಟರ್ ಮುಂದ 390ರಿಂದ 410 ನ್ಯಾನೊಮೀಟರ್ ಬೆಳಕನ್ನಷ್ಟೇ ಬಿಡೋ ಬ್ಯಾಂಡ್‌ಪಾಸ್ ಫಿಲ್ಟರ್ ಅದ. ಎಳೆಗಳು ಛಲೋ ಕಾಣ್ತಾವ. ಪವರ್ ಎರಡು ಪಟ್ಟು ಮಾಡಿದ್ರ ಸಿಗ್ನಲ್ ನಾಲ್ಕು ಪಟ್ಟು ಆಗ್ತದ. ಇದನ್ನ ಕೊಲ್ಯಾಜನ್ನಿನ (ಸ್ನಾಯುರಜ್ಜುವಿನ ಎಳೆಗಳ ಪ್ರೋಟೀನ್) ಸೆಕೆಂಡ್ ಹಾರ್ಮೋನಿಕ್ ಅಂತ ಬರೀಬಹುದಾ? ಆಬ್ಜೆಕ್ಟಿವ್ ಕಡೆಯ ಡಿಟೆಕ್ಟರಿನ್ಯಾಗ ಮಾತ್ರ ಭಾಳ ಮಬ್ಬು ಬರ್ತದ, ಯಾಕ?

ಕಲಬುರಗಿ_ಫೋಟಾನ್:
ಪವರ್ ಪರೀಕ್ಷೆ ಒಂದನ್ನ ನಂಬಿ ಬರೀಬ್ಯಾಡ್ರಿ. ಎರಡು ಫೋಟಾನ್ ಹೀರಿ ಬರೋ ಪ್ರತಿದೀಪ್ತಿಗೂ ನಾಲ್ಕು ಪಟ್ಟೇ ಲೆಕ್ಕ. ಇಲ್ಲೇ ಭಾಳ ಮಂದಿ ಎಡವತಾರ.

ಪ್ರತಿದೀಪ್ತಿಯೊಳಗ ಅಣು ಶಕ್ತಿ ಹೀರಿ, ತುಸು ಶಾಖವಾಗಿ ಕಳಕೊಂಡು, ಉಳಿದದ್ದನ್ನ ಅಗಲವಾದ ಬಣ್ಣದ ಪಟ್ಟೆಯಾಗಿ ಬಿಡ್ತದ. ಎಸ್‌ಎಚ್‌ಜಿಯೊಳಗ ಹೀರೋದೇ ಇಲ್ಲ. 800ರ ಎರಡು ಫೋಟಾನ್ ಕೂಡಿ 400ರ ಒಂದೇ ಫೋಟಾನ್ ಆಗ್ತದ, ಲೆಕ್ಕ ಸರಿಯಾಗಿ ಅರ್ಧ. 1961ರಾಗ ರೂಬಿ ಲೇಸರಿನ 694 ನ್ಯಾನೊಮೀಟರ್ ಬೆಳಕು ಸ್ಫಟಿಕದೊಳಗ 347 ಆದದ್ದೂ ಇದೇ ದಾರಿ. ಕೊಲ್ಯಾಜನ್ ಹಗ್ಗ ಹೊಸೆದಂಗ ಮೂರು ಸರಪಳಿಯ ಹುರಿ. ತಿರುವಿ ಇಟ್ರ ಮೊದಲಿನಂಗ ಹೊಂದೋದಿಲ್ಲ, ಅದಕ್ಕೇ ಎಸ್‌ಎಚ್‌ಜಿ ಹುಟ್ಟಾಕ ಸಾಧ್ಯ. ಅಂಥ ಹುರಿಗಳು ಸಾಲಾಗಿ ನಿಂತಾಗ ಎಲ್ಲದರ ಅಲೆಗಳೂ ಒಂದೇ ತಾಳದಾಗ ಕೂಡ್ತಾವ.

ನಿಜವಾದ ಪರೀಕ್ಷೆ: ಲೇಸರ್ 840ಕ್ಕ ತಿರುಗಿಸ್ರಿ, ಪವರ್ ಮತ್ತ 15ಕ್ಕ ಹೊಂದಿಸ್ರಿ. ಇರೋ ಫಿಲ್ಟರಿನ್ಯಾಗ ಸಿಗ್ನಲ್ ಸಾಯಬೇಕು, 420ರ ಫಿಲ್ಟರ್ ಹಾಕಿದ್ರ ತಿರುಗಿ ಬರಬೇಕು. ಪ್ರತಿದೀಪ್ತಿ ಆದ್ರ ಅದರ ಪಟ್ಟೆ ಜಾಗ ಬಿಟ್ಟು ಸರಿಯೋದಿಲ್ಲ.

ಎರಡನೇ ಸಾಕ್ಷಿಗೆ, ತಾಜಾ ತುಂಡನ್ನ 80 ಡಿಗ್ರಿ ನೀರಿನ್ಯಾಗ ಹತ್ತು ನಿಮಿಷ ಇಡ್ರಿ. ಹುರಿ ಬಿಚ್ಚಿ ಎಸ್‌ಎಚ್‌ಜಿ ಹೋಗ್ತದ. ಫಾರ್ಮಲಿನ್‌ನಾಗ ಇಟ್ಟ ತುಂಡಿನ ಮ್ಯಾಲ ಇದು ಮಾಡಬ್ಯಾಡ್ರಿ. ಅಡ್ಡಬಂಧ ಬಿದ್ದಿರ್ತಾವ, ಶಾಖ ತಡೀತದ, ಫಲ ತಪ್ಪು ತೋರಸ್ತದ.

ಜೋಳದ_ನಾಡು:
ಮಬ್ಬಿನ ಪ್ರಶ್ನೆಗೆ: ತೆಳು ಸೆಕ್ಷನ್‌ನಾಗ ಈ ಬೆಳಕು ಬಹುಪಾಲು ಮುಂದಕ್ಕೇ ಹೋಗ್ತದ. ಕಂಡೆನ್ಸರ್ ಕಡೆ (ಸ್ಯಾಂಪಲ್ಲಿನ ಆಚೆ ಬದಿ) ಇನ್ನೊಂದು ಡಿಟೆಕ್ಟರ್ ಇಟ್ಟು, ಅದರ ಮುಂದ ಇದೇ ಬ್ಯಾಂಡ್‌ಪಾಸ್ ಜೊತೆ ಲೇಸರ್ ತಡೆಯೋ 680ರ ಶಾರ್ಟ್‌ಪಾಸ್ ಹಾಕ್ರಿ. ದಪ್ಪ ತುಂಡಿನ್ಯಾಗ ಆ ಬೆಳಕೇ ಚದುರಿ ಹಿಂದಕ್ಕೂ ಬರ್ತದ, ಅದಕ್ಕ ಅಲ್ಲಿ ಹಿಂದಿನ ಡಿಟೆಕ್ಟರ್ ಕೆಲಸ ಕೊಡ್ತದ.

ಕಂಡೆನ್ಸರ್ ಹೊಂದಿಸಾಕ ಬಿಳಿಜೋಳದ ಹಸಿ ಹಿಟ್ಟು ಚಿಟಿಕೆ, ಒಂದು ಹನಿ ನೀರು, ಮ್ಯಾಲ 0.17 ಮಿಲಿಮೀಟರಿನ ಕವರ್‌ಸ್ಲಿಪ್. ಪಿಷ್ಟದ ಕಾಳು ಜೋರಾಗಿ ಹೊಳೀತಾವ. ಎಸರು ಹಾಕಿ ನಾದಿದ ಹಿಟ್ಟು ಬ್ಯಾಡ, ಬಿಸಿಗೆ ಪಿಷ್ಟದ ಒಳಜೋಡಣೆ ಮುರಿದಿರ್ತದ. ಆಮ್ಯಾಲ ಹಿಟ್ಟು ತೆಗೆದು ಬರೇ ಸ್ಲೈಡ್ ಇಟ್ಟು ನೋಡ್ರಿ. ಆಗಲೂ ಬೆಳಕು ಕಂಡ್ರ ಅದು ಲೇಸರ್ ಸೋರಿಕೆ, ಇಲ್ಲಾ ರೂಮಿನ ಟ್ಯೂಬ್‌ಲೈಟ್.

ಬೀದರ್_ಹಿಸ್ಟಾಲಜಿ:
840ರ ಪರೀಕ್ಷೆ ಸರಿಯಾಗಿ ಬಂತ್ರಿ. ಆದ್ರ ಒಂದೇ ಚಿತ್ರದಾಗ ಅಡ್ಡ ಎಳೆ ಹೊಳೀತಾವ, ನಿಂತ ಎಳೆ ಮಂಕು. ಅಲ್ಲಿ ಕೊಲ್ಯಾಜನ್ ಕಡಿಮೆ ಅದ ಅಂತೇನು? ಮಾಂಸ ಕೂಡೋ ಕಡೆ ಸಣ್ಣ ಪಟ್ಟಿಗಳೂ ಅವ.

ಕಲಬುರಗಿ_ಫೋಟಾನ್:
ಕಡಿಮೆ ಅಲ್ರಿ, ಅದು ಧ್ರುವೀಕರಣ (ಬೆಳಕಿನ ಅಲೆ ಕಂಪಿಸೋ ದಿಕ್ಕು). ಲೇಸರಿನ ಧ್ರುವೀಕರಣಕ್ಕ ಸಮಾನಾಂತರ ಇರೋ ಎಳೆ ಹೊಳೀತದ, ಅಡ್ಡ ಇರೋದು ಮಂಕಾಗ್ತದ. ಹಾಫ್‌ವೇವ್ ಪ್ಲೇಟ್ 45 ಡಿಗ್ರಿ ತಿರುಗಿಸಿದ್ರ ಧ್ರುವೀಕರಣ 90 ತಿರುಗ್ತದ, ಹೊಳಪು ಅದಲುಬದಲಾಗ್ತದ. ಪ್ರಮಾಣ ಅಳೆಯೋದಿದ್ರ ಕ್ವಾರ್ಟರ್‌ವೇವ್ ಪ್ಲೇಟ್ ಹಾಕಿ ಧ್ರುವೀಕರಣ ವೃತ್ತಾಕಾರ ಮಾಡ್ಕೊಳ್ರಿ. ಡೈಕ್ರೋಯಿಕ್ (ಬಣ್ಣ ಬೇರ್ಪಡಿಸೋ) ಕನ್ನಡಿ ಅದನ್ನ ಕೆಡಸ್ತದ, ಅದಕ್ಕ ಆಬ್ಜೆಕ್ಟಿವ್ ದಾಟಿದ ಮ್ಯಾಲೇ ಪೋಲರೈಸರ್ ತಿರುಗಿಸಿ ನೋಡ್ರಿ.

ಪಟ್ಟಿಗಳು ಮಯೋಸಿನ್, ಅಂದ್ರ ಮಾಂಸದ ಒಂದು ಪ್ರೋಟೀನ್. ಸುಮಾರು ಎರಡು ಮೈಕ್ರಾನಿಗೊಮ್ಮೆ ಬಂದ್ರ ಸಾರ್ಕೊಮಿಯರ್ (ಮಾಂಸದ ಎಳೆಯ ಕುಗ್ಗೋ ಘಟಕ) ಅಂತ ತಿಳೀರಿ. ಆಕ್ಟಿನ್ ಅನ್ನೋ ಇನ್ನೊಂದು ಪ್ರೋಟೀನಿನ ಭಾಗ ಕತ್ತಲೆ ಇರ್ತದ.

ಇನ್ನೊಂದು: ಬ್ಯಾಸಗಿಯೊಳಗ ಎಸಿ ನಿಂತು ರೂಮ್ ಕಾದು ಮೋಡ್‌ಲಾಕ್ (ಲೇಸರ್ ಸಣ್ಣ ಪಲ್ಸ್ ಆಗಿ ಬೆಳಕು ಬಿಡೋ ಸ್ಥಿತಿ) ತಪ್ಪಿದ್ರ ಪವರ್ ಮೀಟರ್ ಹೆಚ್ಚುಕಡಿಮೆ ಮೊದಲಿನ ಅಂಕಿಯೇ ತೋರಸ್ತದ, ಸಿಗ್ನಲ್ ಮಾತ್ರ ಸೊನ್ನೆ. 15 ಮಿಲಿವ್ಯಾಟ್ ಸರಾಸರಿಯ ಹಿಂದ ಪಲ್ಸಿನ ಶಿಖರ ಸುಮಾರು 1,900 ವ್ಯಾಟ್ ಇರ್ತದ. ಆ ಶಿಖರ ಹೋದ್ರ 800ರ ಬೆಳಕು 400 ಆಗೋದಿಲ್ಲ. ಸ್ಯಾಂಪಲ್ ಮುಟ್ಟೋ ಮೊದಲು ಸ್ಪೆಕ್ಟ್ರೊಮೀಟರಿನ್ಯಾಗ ಲೇಸರ್ ಪಟ್ಟೆಯ ಅಗಲ ಸುಮಾರು 10 ನ್ಯಾನೊಮೀಟರ್ ಅದನೋ ಇಲ್ಲೋ ನೋಡ್ರಿ. ಸೂಜಿಯಂಗ ಸಣ್ಣಾಗಿದ್ರ ಮೋಡ್‌ಲಾಕ್ ಇಲ್ಲ.