ರಾಗಿ ಸಸಿಗಳ ಎತ್ತರ: ಎಕ್ಸೆಲ್‌ನ ಒನ್‌-ವೇ ಅನೋವಾದಲ್ಲಿ ಪಿ ಬೆಲೆ ಇಷ್ಟು ಚಿಕ್ಕದು ಬರುತ್ತಾ?

ಕುಂಡದ_ರಾಗಿ:
ಕುಂಡದಲ್ಲಿ ಬೆಳೆಸಿದ ರಾಗಿ, 30ನೇ ದಿನದ ಎತ್ತರ, ಸೆಂ.ಮೀ.ನಲ್ಲಿ. ಟಿ1 ಗೊಬ್ಬರವಿಲ್ಲದ್ದು, ಟಿ2 ಎರೆಗೊಬ್ಬರ, ಟಿ3 ಎರೆಗೊಬ್ಬರದ ಜೊತೆ ಅಜೋಸ್ಪಿರಿಲಂ (ಸಾರಜನಕ ಒದಗಿಸುವ ಬ್ಯಾಕ್ಟೀರಿಯಾದ ಜೈವಿಕ ಗೊಬ್ಬರ). ಒಂದೊಂದಕ್ಕೂ 5 ಕುಂಡ, ಕುಂಡಕ್ಕೆ 4 ಸಸಿ, ಒಟ್ಟು 60 ಅಳತೆ. ಡೇಟಾ ಅನಾಲಿಸಿಸ್‌ನಲ್ಲಿ ‘ಅನೋವಾ: ಸಿಂಗಲ್ ಫ್ಯಾಕ್ಟರ್’ (ಗುಂಪುಗಳ ಸರಾಸರಿ ಹೋಲಿಸುವ ಪರೀಕ್ಷೆ) ಓಡಿಸಿದರೆ ಎಫ್ 16.47, ಪಿ ಬೆಲೆ (ಗೊಬ್ಬರದಿಂದ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಬರುವ ಸಂಭವ) 2.27ಇ-06 ಅಂತ ತೋರಿಸುತ್ತಿದೆ. ಇದು ಎರರ್ರಾ? ಸರಿಯಿದ್ದರೆ, ಯಾವುದು ಮೇಲು ಅಂತ ತಿಳಿಯಲು ಎರಡೆರಡು ಗುಂಪು ಹಿಡಿದು ಮೂರು ಟಿ-ಟೆಸ್ಟ್ ಮಾಡಿದರೆ ಸಾಕಾ?

ಎಫ್_ಟೇಬಲ್:
ಎರರ್ ಅಲ್ಲ. 0.00000227 ಅನ್ನು ಎಕ್ಸೆಲ್ ಹಾಗೆ ಬರೆಯುತ್ತದೆ. ಆದರೆ ಈ ಅಂಕಿಯನ್ನು ವರದಿಗೆ ಹಾಕಬೇಡಿ.

ಫಲಿತಾಂಶದಲ್ಲಿ ‘ವಿದಿನ್ ಗ್ರೂಪ್ಸ್’ ಸಾಲಿನ ಡಿಎಫ್ (ಡಿಗ್ರೀಸ್ ಆಫ್ ಫ್ರೀಡಂ, ಇಲ್ಲಿ ಅಳತೆಗಳ ಸಂಖ್ಯೆಯಿಂದ ಗುಂಪುಗಳ ಸಂಖ್ಯೆ ಕಳೆದದ್ದು) ನೋಡಿ, 57 ಇರುತ್ತದೆ. ನೀವು ಗೊಬ್ಬರ ಹಾಕಿದ್ದು ಕುಂಡಕ್ಕೆ, ಸಸಿಗಲ್ಲ. ಒಂದೇ ಕುಂಡದ ನಾಲ್ಕು ಸಸಿ ಒಂದೇ ಮಣ್ಣು, ಒಂದೇ ನೀರು ಹಂಚಿಕೊಂಡಿವೆ, ಅವು ನಾಲ್ಕು ಸ್ವತಂತ್ರ ಸಾಕ್ಷಿಗಳಾಗುವುದಿಲ್ಲ. ನಿಜವಾದ ರೆಪ್ಲಿಕೇಶನ್ (ಸ್ವತಂತ್ರ ಪುನರಾವರ್ತನೆ) 5, ಡಿಎಫ್ 12.

60 ಸಾಲುಗಳನ್ನು ಟ್ರೀಟ್‌ಮೆಂಟ್, ಕುಂಡ, ಎತ್ತರ ಎಂಬ ಮೂರು ಕಾಲಂನಲ್ಲಿಟ್ಟು ಪಿವಟ್ ಟೇಬಲ್ ಮಾಡಿ. ಕಾಲಂಗೆ ಟ್ರೀಟ್‌ಮೆಂಟ್, ಸಾಲಿಗೆ ಕುಂಡ, ವ್ಯಾಲ್ಯೂಸ್‌ಗೆ ಎತ್ತರ. ತಾನಾಗಿ ಸಮ್ ಬರುತ್ತದೆ, ಆವರೇಜ್‌ಗೆ ಬದಲಿಸಿ. ಸಮ್ ಬದಲು ಕೌಂಟ್ ಬಂತೆಂದರೆ ಯಾವುದೋ ಸೆಲ್ ಖಾಲಿಯಿದೆ (ಹಳೆಯ ಎಕ್ಸೆಲ್‌ನಲ್ಲಿ), ಇಲ್ಲವೇ ಯಾರೋ ‘21.4 ಸೆಂ.ಮೀ.’ ಅಂತ ಅಕ್ಷರ ಸೇರಿಸಿ ಟೈಪಿಸಿದ್ದಾರೆ. ಸತ್ತ ಸಸಿಗೆ 0 ಹಾಕಬೇಡಿ, ಸೆಲ್ ಖಾಲಿ ಬಿಡಿ. ಆಮೇಲೆ ಆ 15 ಸರಾಸರಿಗಳನ್ನು ಬೇರೆ ಕಡೆ ಪೇಸ್ಟ್ ವ್ಯಾಲ್ಯೂಸ್ ಮಾಡಿ ಅನೋವಾ ಓಡಿಸಿ. ಗ್ರ್ಯಾಂಡ್ ಟೋಟಲ್ ಸಾಲು, ಕಾಲಂ ಸೆಲೆಕ್ಷನ್‌ನೊಳಗೆ ನುಸುಳದಂತೆ ನೋಡಿಕೊಳ್ಳಿ. ಸಾಲು ನುಸುಳಿದರೆ ಕೌಂಟ್ 5ರ ಬದಲು 6 ಬರುತ್ತದೆ.

ಕುಂಡದ_ರಾಗಿ:
ಕುಂಡದ ಸರಾಸರಿಗಳು:
ಟಿ1: 17.1, 20.1, 19.2, 20.7, 17.9
ಟಿ2: 20.7, 22.8, 24.1, 20.1, 22.3
ಟಿ3: 22.3, 24.9, 23.4, 24.0, 20.4
ಈಗ ಎಫ್ 8.28, ಪಿ 0.0055, ಎಫ್ ಕ್ರಿಟ್ (ಎಫ್ ದಾಟಬೇಕಾದ ಗಡಿ) 3.89. ಎಫ್ ಅರ್ಧಕ್ಕೆ ಇಳಿಯಿತಲ್ಲ!

ಹೊಲಮನೆ:
ಇಳಿಯಲೇಬೇಕು, ಈಗ ಬಂದದ್ದೇ ಸರಿ. ಮೂರು ಗುಂಪುಗಳ ವೇರಿಯನ್ಸ್ (ಗುಂಪಿನೊಳಗಿನ ಚದುರುವಿಕೆ) ಅನೋವಾಕ್ಕೆ ಹೆಚ್ಚುಕಡಿಮೆ ಸಮ ಇರಬೇಕು: 2.24, 2.61, 3.01. ಹತ್ತಿರ ಹತ್ತಿರ ಇವೆ, ಆ ಚಿಂತೆ ಬೇಡ.

ಮೂರು ಟಿ-ಟೆಸ್ಟ್ ಬೇಡ. ಒಂದೊಂದರಲ್ಲಿ ಶೇ. 5 ತಪ್ಪಿಗೆ ಅವಕಾಶ ಕೊಟ್ಟರೆ ಮೂರರಲ್ಲಿ ಒಂದಾದರೂ ತಪ್ಪುವ ಸಂಭವ ಸುಮಾರು ಶೇ. 14ರವರೆಗೆ ಏರುತ್ತದೆ. ಎಕ್ಸೆಲ್‌ನಲ್ಲಿ ಟ್ಯೂಕಿ (ಎಲ್ಲ ಜೋಡಿಗಳನ್ನು ಒಟ್ಟಿಗೆ ಹೋಲಿಸುವ ಪರೀಕ್ಷೆ) ಇಲ್ಲ, ಕೈಯಲ್ಲೇ ಮಾಡಿ: ‘ವಿದಿನ್ ಗ್ರೂಪ್ಸ್’ ಎಂಎಸ್ (ಮೀನ್ ಸ್ಕ್ವೇರ್) 2.62, ಅದನ್ನು 5ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.724. ಇದೇ ನಿಮ್ಮ ಸರಾಸರಿಯ ಪ್ರಮಾಣ ದೋಷ, ಅಂದರೆ ಎಸ್‌.ಇಎಂ. ಟ್ಯೂಕಿಯ ಕ್ಯೂ ಕೋಷ್ಟಕದಲ್ಲಿ 3 ಗುಂಪು, 12 ಡಿಎಫ್‌ಗೆ 3.77. ಗುಣಿಸಿದರೆ 2.73, ಎರಡು ಸರಾಸರಿಗಳ ಅಂತರ ದಾಟಬೇಕಾದ ಗಡಿ ಇದು. ಸರಾಸರಿಗಳು 19, 22, 23. ಟಿ1ಕ್ಕಿಂತ ಟಿ2 3 ಸೆಂ.ಮೀ., ಟಿ3 4 ಸೆಂ.ಮೀ. ಹೆಚ್ಚು, ಎರಡೂ ಗಡಿ ದಾಟಿದವು. ಟಿ2, ಟಿ3 ನಡುವೆ 1 ಮಾತ್ರ. ಅಂದರೆ ಅಜೋಸ್ಪಿರಿಲಂನಿಂದ ಹೆಚ್ಚುವರಿ ಲಾಭವಾಯಿತೆಂದು ಈ ಅಂಕಿಗಳ ಮೇಲೆ ಹೇಳಲಾಗದು. ಲಾಭವೇ ಇಲ್ಲ ಅಂತಲೂ ಬರೆಯಬೇಡಿ, 5 ಕುಂಡ ಅದಕ್ಕೆ ಸಾಲದು.

ಎಫ್_ಟೇಬಲ್:
ಗೈಡ್ ಸಿ.ಡಿ. (ಕ್ರಿಟಿಕಲ್ ಡಿಫರೆನ್ಸ್) ಕೇಳಿದರೆ: ಟಿ.ಇನ್ವ್.2ಟಿ(0.05, 12) ಕೊಡುವ 2.179 ಅನ್ನು (2 × 2.62 ÷ 5)ರ ವರ್ಗಮೂಲಕ್ಕೆ ಗುಣಿಸಿ, 2.23. ಟ್ಯೂಕಿಗಿಂತ ಸಡಿಲ ಗಡಿ, ಎಫ್ ತನ್ನ ಗಡಿ ದಾಟಿದ್ದರೆ ಮಾತ್ರ ಬಳಸಿ. ಇಲ್ಲಿ ತೀರ್ಮಾನ ಬದಲಾಗುವುದಿಲ್ಲ. ಟೂಲ್‌ಪ್ಯಾಕ್ ಕೊಟ್ಟ ಕೋಷ್ಟಕ ಬರೀ ಅಂಕಿ, ಸೂತ್ರವಲ್ಲ. ಡೇಟಾ ತಿದ್ದಿದರೆ ಮತ್ತೆ ಓಡಿಸಬೇಕು.

ಅಂದಹಾಗೆ, 15 ಕುಂಡಗಳನ್ನು ಚೀಟಿ ಎತ್ತಿ ಕಲಸಿ ಇಟ್ಟಿದ್ದಿರಾ, ಅಥವಾ ಬಿಸಿಲಿನ ಕಡೆಯಿಂದ ಸಾಲು ಸಾಲಾಗಿ, ಪ್ರತಿ ಸಾಲಲ್ಲೂ ಟಿ1, ಟಿ2, ಟಿ3 ಬರುವಂತೆ ಇಟ್ಟಿದ್ದಿರಾ? ಎರಡನೆಯದಾದರೆ ಅದು ಸಿಆರ್‌ಡಿ (ಪೂರ್ತಿ ಕಲಸಿಟ್ಟ ವಿನ್ಯಾಸ) ಅಲ್ಲ, ಆರ್‌ಬಿಡಿ (ಸಾಲು ಸಾಲಾಗಿ ವಿಂಗಡಿಸಿದ ಬ್ಲಾಕ್ ವಿನ್ಯಾಸ). ಆಗ ‘ಟೂ-ಫ್ಯಾಕ್ಟರ್ ವಿದೌಟ್ ರೆಪ್ಲಿಕೇಶನ್’ ಬಳಸಬೇಕು, ಎರರ್ ಡಿಎಫ್ 8 ಆಗುತ್ತದೆ.